ಸುಟ್ಟ ಮಡಕೆ ಮತ್ತೆ ಮಣ್ಣಾಗದೇಕೆ?

ಮಡಕೆ ಬೆಂಕಿಯಲ್ಲಿ ಗಟ್ಟಿಯಾಗುವುದೇಕೆ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಕೇಳಿದರೂ ಮಕ್ಕಳ ಉತ್ತರ ಒಂದೇ: "ನೀರು ಆರಿಹೋಗುತ್ತದಲ್ಲ ಸಾರ್, ಅದಕ್ಕೆ." ಈ ಉತ್ತರ ಸಾಲದು ಎಂಬುದು ನನ್ನ ವಾದ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಹಸಿ ಮಡಕೆಯನ್ನು ನೀರಿನಲ್ಲಿಟ್ಟು ನೋಡಿ, ಕದಡಿ ಕೆಸರಾಗುತ್ತದೆ. ಆದರೆ 1947ರಲ್ಲಿ ಮಾರ್ಟಿಮರ್ ವೀಲರ್ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ಸಿಕ್ಕ ಮಡಕೆ ಚೂರುಗಳು, ಸುಮಾರು ಎರಡು ಸಾವಿರ ವರ್ಷ ನೆಲದೊಳಗಿದ್ದರೂ ಮಣ್ಣಾಗಿರಲಿಲ್ಲ!

ಆವಿಗೆಯಲ್ಲಿ ಕಾವು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ, ಜೇಡಿಮಣ್ಣಿನ ಕಣದ ರಚನೆಯಲ್ಲೇ ಸೇರಿದ್ದ ನೀರಿನ ಅಂಶ ಹೊರಬೀಳುತ್ತದೆ. ಮಣ್ಣು ಬೇರೆಯೇ ವಸ್ತುವಾಗುತ್ತದೆ. ಕಾವು ಇನ್ನೂ ಏರಿದಾಗ ಕಣಗಳು ತಾಗಿದ ಕಡೆಯಲ್ಲೇ ಬೆಸೆದುಕೊಳ್ಳುತ್ತವೆ. ಸ್ವಲ್ಪ ಭಾಗ ಕರಗಿ ಅಂಟಿನಂತೆ ನೆರವಾಗುವುದೂ ಉಂಟು.

ಏನೂ ಕರಗದೆಯೂ ಪುಡಿ ಬೆಸೆಯಬಲ್ಲದು. ಬೈಕಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಭಾಗವನ್ನು ನೋಡಿದ್ದೀರಾ? ಅದು ಅಲ್ಯುಮಿನಾ. ಅದು ಕರಗಲು 2,000 ಡಿಗ್ರಿಗಿಂತ ಹೆಚ್ಚು ಕಾವು ಬೇಕು. ಆದರೆ ಅದರ ಪುಡಿಯನ್ನು ಒತ್ತಿ ಸುಮಾರು 1,600 ಡಿಗ್ರಿಯಲ್ಲಿ ಸುಟ್ಟರೆ ಸಾಕು. ಪರಮಾಣುಗಳು ಜರುಗಿ ಕಣಗಳ ನಡುವಿನ ಸಂದುಗಳನ್ನು ತುಂಬುತ್ತವೆ. ವಸ್ತು ಕುಗ್ಗುತ್ತದೆ, ಸಾಂದ್ರತೆ ಹೆಚ್ಚುತ್ತದೆ. ಇದೇ ಸಿಂಟರಿಂಗ್.

ಈಗ ಎಲ್ಲೆಡೆ ನ್ಯಾನೋ ಮಾತು. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ 10 ಲಕ್ಷದಲ್ಲೊಂದು ಭಾಗ. ಅಷ್ಟು ಸಣ್ಣ ಕಣಗಳಲ್ಲಿ ಹೆಚ್ಚು ಪರಮಾಣುಗಳು ಮೇಲ್ಮೈಯಲ್ಲೇ ಇರುವುದರಿಂದ ಕಡಿಮೆ ಕಾವಿಗೇ ಬೆಸೆಯುತ್ತವೆ. ಹಾಗೆಂದು ನ್ಯಾನೋ ಮಂತ್ರವಲ್ಲ. ಕೊನೆಯ ಸಂದುಗಳು ಮುಚ್ಚುವ ಹೊತ್ತಿಗೆ ದೊಡ್ಡ ಕಣಗಳು ಚಿಕ್ಕವನ್ನು ನುಂಗಿ ಬೆಳೆಯತೊಡಗುತ್ತವೆ. ಕಾವು ಹೆಚ್ಚಾದರೆ ನ್ಯಾನೋ ಪುಡಿ ಹಾಕಿಯೂ ಒರಟು ಕಣಗಳ ವಸ್ತುವೇ ಕೈಗೆ ಬರುತ್ತದೆ.

ಹೆಚ್ಚು ಸುಟ್ಟಷ್ಟೂ ಒಳ್ಳೆಯದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿದ್ಯುತ್ ಕಂಬದ ಪಿಂಗಾಣಿಯೊಳಗೆ ನೀರು ಇಳಿಯಬಾರದು, ಅಲ್ಲಿ ರಂಧ್ರ ಬೇಡ. ಬೇಸಿಗೆಯ ನೀರಿನ ಮಡಕೆಗೆ ರಂಧ್ರ ಬೇಕೇ ಬೇಕು. ನೀರು ಜಿನುಗಿ ಆವಿಯಾದರೆ ತಾನೇ ತಂಪು? ಮಡಕೆಯನ್ನು ಅರೆಬೆಂದ ಪಿಂಗಾಣಿ ಎಂದುಕೊಳ್ಳುವುದು ಕುಂಬಾರರ ತಿಳಿವಳಿಕೆಗೆ ಅವಮಾನ.

ಮುಂದಿನ ವಿಜ್ಞಾನ ಮೇಳಕ್ಕೆ ಅಂಗಡಿಯ ಥರ್ಮಾಕೋಲ್ ಮಾದರಿ ತರಬೇಡಿ. (ನೋಡಿ ನೋಡಿ ಸಾಕಾಗಿದೆ!) ಮಡಕೆ, ಹೆಂಚು, ಪಿಂಗಾಣಿ ಬಟ್ಟಲು, ಇವುಗಳ ಒಣಗಿದ ಚೂರುಗಳನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ. 24 ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಮತ್ತೆ ತೂಗಿಸಿ. ಹೆಚ್ಚಾದ ತೂಕವೇ ರಂಧ್ರಗಳೊಳಗೆ ಹೊಕ್ಕ ನೀರು. ಮೂರರಲ್ಲಿ ಯಾವುದು ಹೆಚ್ಚು ಕುಡಿಯಿತು, ಬರೆದು ತನ್ನಿ.