ನಿಮ್ಮ ಕಂಪ್ಯೂಟರಿನೊಳಗೆ ಊರೇ ಇದೆ

ತಾಲ್ಲೂಕು ಕಚೇರಿಯ ಎದುರು ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ಎಂದು ಬೋರ್ಡು ಹಾಕಿ ದುಡಿಯುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಒಮ್ಮೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ನೋಡಿ. ಯಾರದೋ ಆಧಾರ್, ಯಾರದೋ ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಕಾಲೇಜಿಗೆ ಅರ್ಜಿ ಹಾಕಿದ ಹುಡುಗಿಯ ಫೋಟೊ, ಸಹಿ. ಪ್ರಿಂಟ್ ತೆಗೆದು ತಿಂಗಳುಗಳಾದರೂ ಎಲ್ಲ ಅಲ್ಲೇ ಬಿದ್ದಿವೆ. ವಿಧವಾ ವೇತನಕ್ಕೆ ಬಂದ ಅಜ್ಜಿ ಮೊಬೈಲನ್ನೇ ನಿಮ್ಮ ಕೈಗಿಟ್ಟು ‘ಒಟಿಪಿ ನೀನೇ ನೋಡ್ಕಳಪ್ಪ’ ಎನ್ನುತ್ತಾಳೆ. ವೈರಸ್ ಎಂದರೇನೆಂದು ಆಕೆಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆ ಚಿಂತೆ ನಿಮ್ಮ ಪಾಲಿನದು.

ಹಾಗಿದ್ದರೆ ಈ ಕಂಪ್ಯೂಟರಿಗೆ ಎಂಥ ಕಾವಲಿದೆ? ಕ್ರ್ಯಾಕ್ ಮಾಡಿದ ವಿಂಡೋಸ್, ಕ್ರ್ಯಾಕ್ ಮಾಡಿದ ಫೋಟೊಶಾಪ್, ಎಷ್ಟೋ ಕಡೆ ಆ್ಯಂಟಿವೈರಸ್ ಕೂಡ ಕ್ರ್ಯಾಕ್ ಮಾಡಿದ್ದೇ! ಕಳ್ಳನ ಕೈಯಿಂದಲೇ ಬೀಗ ಕೊಂಡ ಹಾಗೆ. ಕ್ರ್ಯಾಕ್ ಹಾಕುವಾಗ ಬರುವ ಮೊದಲ ಸೂಚನೆ ನಿಮಗೂ ಗೊತ್ತು: ‘ಆ್ಯಂಟಿವೈರಸ್ ಆಫ್ ಮಾಡಿ.’ ಏಕೆ ಆಫ್ ಮಾಡಬೇಕು ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೀರಾ? ಹೀಗೆ ಒಳನುಗ್ಗಿದ ತಂತ್ರಾಂಶ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಸದ್ದಿಲ್ಲದೆ ಹೊರಗೆ ಸಾಗಿಸಬಲ್ಲದು. ಅಂಗಡಿಯಿಂದ ಅಂಗಡಿಗೆ ಪೆನ್‌ಡ್ರೈವ್‌ನಲ್ಲಿ ಹಬ್ಬುತ್ತಿದ್ದ ಶಾರ್ಟ್‌ಕಟ್ ವೈರಸ್ಸನ್ನು ನೀವೇ ಕಂಡಿದ್ದೀರಿ.

ದುಡ್ಡಿಲ್ಲ ಎಂಬ ನೆಪ ಇಲ್ಲಿ ನಿಲ್ಲದು. ವಿಂಡೋಸ್ 10, 11ರ ಜೊತೆ ಡಿಫೆಂಡರ್ ಎಂಬ ಆ್ಯಂಟಿವೈರಸ್ ಉಚಿತವಾಗಿಯೇ ಬರುತ್ತದೆ; ಅದನ್ನು ಆಫ್ ಮಾಡದೆ ಬಿಟ್ಟರೆ ಸಾಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದಲೂ ಸೋಂಕು ತೆಗೆಯುವ ಸಾಧನಗಳನ್ನು ಪುಕ್ಕಟೆ ಕೊಡುತ್ತಿದೆ. ಕೊಳ್ಳುವುದೇ ಆದರೆ ಒಂದನ್ನೇ ಕೊಳ್ಳಿ, ಕಂಪನಿಯ ಸ್ವಂತ ಜಾಲತಾಣದಿಂದ. ಎರಡು ಆ್ಯಂಟಿವೈರಸ್ ಒಂದಕ್ಕೊಂದು ಅಡ್ಡ ಬರುತ್ತವೆ. ಹೆಸರು ದೊಡ್ಡದೆಂದು ಕಣ್ಣುಮುಚ್ಚಿ ನಂಬಲೂಬೇಡಿ. ಬಳಕೆದಾರರು ಜಾಲದಲ್ಲಿ ಏನೇನು ನೋಡಿದರೆಂಬ ಮಾಹಿತಿಯನ್ನು ಮಾರಿಕೊಂಡ ಪ್ರಕರಣದಲ್ಲಿ, 1.65 ಕೋಟಿ ಡಾಲರ್ ತೆರುವಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆದೇಶಿಸಿದ್ದು ಅವಾಸ್ಟ್ ಎಂಬ ಆ್ಯಂಟಿವೈರಸ್ ಕಂಪನಿಗೇ.

ಅಪ್‌ಡೇಟ್ ಬಂದಾಗಲೆಲ್ಲ ‘ಗಿರಾಕಿ ಇದ್ದಾರೆ, ಆಮೇಲೆ’ ಎಂದು ಮುಂದೂಡುತ್ತೀರಲ್ಲ, ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವಾನಾಕ್ರೈ ಎಂಬ ವೈರಸ್ಸಿನ ದಾಳಿಗೆ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ತತ್ತರಿಸಿದವು. ಸಾವಿರಾರು ರೋಗಿಗಳ ತಪಾಸಣೆ, ಶಸ್ತ್ರಚಿಕಿತ್ಸೆ ರದ್ದಾದವು. ಅದು ನುಸುಳಿದ ವಿಂಡೋಸ್ ರಂಧ್ರವನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇನ್ನು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವೇ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೇ ಹಳೆಯ ಕಂಪ್ಯೂಟರಿನಲ್ಲಿ ಊರವರ ಬ್ಯಾಂಕ್ ಖಾತೆ ತೆರೆಯುತ್ತಿದ್ದರೆ, ದಯವಿಟ್ಟು ನಿಲ್ಲಿಸಿ. ಮೊದಲು 11ಕ್ಕೆ ಬದಲಾಯಿಸಿಕೊಳ್ಳಿ, ಆಗದಿದ್ದರೆ ಲಿನಕ್ಸ್ ಹಾಕಿಸಿ.

ಇವತ್ತೇ ಷಟರ್ ಎಳೆಯುವ ಮುನ್ನ ಕ್ರ್ಯಾಕ್‌ಗಳನ್ನು ಕಿತ್ತುಹಾಕಿ, ಸಾಧ್ಯವಾದರೆ ವಿಂಡೋಸನ್ನೇ ಹೊಸದಾಗಿ ಹಾಕಿಸಿ. ಡಿಫೆಂಡರ್ ಆನ್ ಮಾಡಿ ಪೂರ್ತಿ ಸ್ಕ್ಯಾನ್‌ಗೆ ಬಿಡಿ. ಕೆಲಸ ಮುಗಿದವರ ದಾಖಲೆ ಅಳಿಸಿ, ರೀಸೈಕಲ್ ಬಿನ್ ಖಾಲಿ ಮಾಡಿ. ಗಿರಾಕಿಗಳಾದ ನಾವೂ ಸಂಕೋಚ ಬಿಡೋಣ: ‘ಅಣ್ಣಾ, ನನ್ನ ಫೈಲ್ ಡಿಲೀಟ್ ಮಾಡಿ’ ಎಂದು ಅಲ್ಲೇ ನಿಂತು ಕೇಳೋಣ; ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ನಡೆಯುವಲ್ಲಿ ಅದನ್ನೇ ಕೊಡೋಣ. ಖಾತೆಯಿಂದ ಹಣ ಹೋಯಿತೆಂದು ಯಾರಾದರೂ ನಿಮ್ಮಲ್ಲಿಗೆ ಓಡಿ ಬಂದರೆ, ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.