ದಾಟುವವರದೇ ತಪ್ಪೆ?

"ನೋಡಿಕೊಂಡು ದಾಟಬೇಕಮ್ಮ" ಎಂಬ ಉಪದೇಶ ಕೇಳಿ ಕೇಳಿ ನನಗಂತೂ ಸಾಕಾಗಿದೆ. ಮೈಸೂರಿನ ರಿಂಗ್ ರಸ್ತೆಯಾಚೆ ಬಡಾವಣೆಗಳೆದ್ದು ವರ್ಷಗಳಾದವು. ಮನೆ ಆಚೆ, ಶಾಲೆ, ಬಸ್ಸು, ತರಕಾರಿ ಈಚೆ. ನಡುವೆ ಆರು ಪಥದ ರಸ್ತೆ. ತರಕಾರಿ ಚೀಲ ಹಿಡಿದ ಹೆಂಗಸು, ಬ್ಯಾಗು ಹೊತ್ತ ಮಗು ಎಷ್ಟು ನೋಡಿಕೊಂಡರೂ ಎದುರಿನ ಲಾರಿಯ ವೇಗವೇನೂ ತಗ್ಗುವುದಿಲ್ಲ.

ನಮ್ಮ ಹೈಸ್ಕೂಲು ಮಕ್ಕಳಿಗೂ ಗೊತ್ತಿರುವ ಲೆಕ್ಕವಿದು: ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟು. 30 ಕಿ.ಮೀ. ವೇಗದಲ್ಲಿ ಬರಬೇಕಾದ ಕಾರು 60ರಲ್ಲಿ ಬಂದರೆ ಅದರ ಶಕ್ತಿ ನಾಲ್ಕು ಪಟ್ಟು. ನಮ್ಮ ಎಲುಬು ಮಾತ್ರ ಅದೇ ಎಲುಬು.

ಕೇಳಿದರೆ, ಮೆಟ್ಟಿಲಿನ ಮೇಲ್ಸೇತುವೆ ಕಟ್ಟಿಸೋಣ ಎನ್ನುತ್ತಾರೆ. ಗಾಡಿಯವರಿಗೆ ಬ್ರೇಕು ಒತ್ತಲು ಬೇಸರವೆಂದು, ಮಂಡಿನೋವಿನ ನಾವು ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿಳಿಯಬೇಕೆ? ರಸ್ತೆಯಿಂದ ತುಸು ಎತ್ತರಿಸಿದ ಜೀಬ್ರಾ ಪಟ್ಟೆ, ನಡುವೆ ನಿಂತು ಉಸಿರಾಡಲು ಒಂದು ಕಟ್ಟೆ, ಮೇಲೊಂದು ಉರಿಯುವ ದೀಪ. ನಮಗೆ ಬೇಕಾದ್ದು ಇಷ್ಟೇ.

ಇದೇನು ಭಿಕ್ಷೆಯೆ? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮು ಏನು ಹೇಳುತ್ತದೆ? ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತವರು ಸುರಕ್ಷತೆಯ ಮಾನದಂಡ ಪಾಲಿಸದೆ, ಅದರಿಂದ ಸಾವು ಇಲ್ಲವೆ ಅಂಗವೈಕಲ್ಯ ಉಂಟಾದರೆ 1 ಲಕ್ಷ ರೂಪಾಯಿವರೆಗೆ ದಂಡ. ಹೀಗಿದ್ದೂ ಸತ್ತವಳನ್ನೇ ದೂರುವುದು ಯಾವ ನ್ಯಾಯ?

ಗೆಳತಿಯರೆ, ಮಹಿಳಾ ಸಮಾಜದಲ್ಲಿ ಮುಂದಿನ ಸಲ ಸೇರಿದಾಗ ರಂಗೋಲಿ ಸ್ಪರ್ಧೆಗೆ ಮುಂಚೆ ಒಂದು ಅರ್ಜಿ ಬರೆಯೋಣ. ಎಲ್ಲರೂ ಸಹಿ ಹಾಕೋಣ. ಕಲಮಿನ ಸಂಖ್ಯೆ ಬರೆಯಲು ಮಾತ್ರ ಮರೆಯಬಾರದು.