ನಿಯಮ ಬೇರೆ, ನಿಂದನೆ ಬೇರೆ

2025ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ವಿಗನ್‌ನಲ್ಲಿ ನಡೆದ ಮಹಿಳಾ ಪೂಲ್ ಪಂದ್ಯಾವಳಿಯ ಫೈನಲ್ ತಲುಪಿದ ಇಬ್ಬರೂ ಟ್ರಾನ್ಸ್‌ಜೆಂಡರ್ ಆಟಗಾರ್ತಿಯರು. ಅದೇ ತಿಂಗಳು ಸಂಘಟಕರು ಮಹಿಳಾ ವಿಭಾಗವನ್ನು ಹುಟ್ಟಿನಿಂದ ಸ್ತ್ರೀಯರಾದವರಿಗಷ್ಟೇ ಮೀಸಲಿಟ್ಟರು. ಸ್ತ್ರೀಯರ ಸ್ಪರ್ಧೆಗೆ ಸ್ಪಷ್ಟ ಗಡಿ ಬೇಕೆಂಬುದು ನ್ಯಾಯವೇ. ಆದರೆ ಅಂದಿನ ನಿಯಮದಂತೆಯೇ ಆಡಿದವರನ್ನು ವಂಚಕರೆನ್ನುವುದು ಯಾವ ನ್ಯಾಯ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸಹೋದರ ಸಹೋದರಿಯರೇ, ಇಂತಹ ಸುದ್ದಿಯನ್ನು ನಗೆಚಾಟಿಕೆಯಾಗಿ ಹಂಚುವ ಮುನ್ನ ಯೋಚಿಸಿರಿ. ಅಪಹಾಸ್ಯವನ್ನು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತವು ನಿಷೇಧಿಸಿದೆ. ಹುಟ್ಟಿನಿಂದಲೇ ಲಿಂಗ ಅಸ್ಪಷ್ಟವಾಗಿರುವ ‘ಖುನ್ಸಾ’ರ ನಮಾಝ್, ವಾರಸು ಹಕ್ಕುಗಳ ಕುರಿತು ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ನಿಯಮ ಬರೆದರು, ನಿಂದನೆಯನ್ನಲ್ಲ. ಕರ್ನಾಟಕವು 2021ರಲ್ಲಿ ಸರಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ. 1 ಮೀಸಲಾತಿ ನೀಡಿತು. ಕ್ರೀಡಾ ಸಂಸ್ಥೆಗಳೂ ಅವರಿಗೊಂದು ಸ್ಥಾನ ಗೊತ್ತುಮಾಡಲಿ. ನಾವು ನಮ್ಮ ನಾಲಿಗೆ ಕಾಯೋಣ.